ಅಜ್ಜ ಮಿಲಿಟರಿಯಲ್ಲಿದ್ದರಂತೆ: ಕಾಸರಗೋಡಿನ ಮನೆಯ ಪೆಟ್ಟಿಗೆಯಿಂದ ರೆಕಾರ್ಡ್ ಆಫೀಸಿನವರೆಗೆ ಹುಡುಕುವ ದಾರಿ

ನಮ್ಮ ತರವಾಡು ಮನೆಯ, ಎಂದರೆ ತಾಯಿಯ ಕಡೆಯ ಮೂಲಮನೆಯ, ಪತ್ತಾಯದ (ಭತ್ತದ ಪೆಟ್ಟಿಗೆಯ) ಬೀಗದ ಕೈಗೊಂಚಲಿಗೆ ಆರು ಮೂಲೆಯ ಒಂದು ಲೋಹದ ನಕ್ಷತ್ರ ಕಟ್ಟಿತ್ತು. ಗೊಂಚಲು ಕಳೆದುಹೋಗದಿರಲೆಂದು ಯಾರೋ ಹಾಗೆ ಮಾಡಿದ್ದು. ಮಕ್ಕಳಾಗಿದ್ದಾಗ ಅದು ಪೊಲೀಸರ ಬಿಲ್ಲೆ ಎಂದೇ ನಂಬಿದ್ದೆವು. ಒಂದು ವಿಷುವಿನ ಮುಂಚೆ ಹುಣಸೆಹುಳಿಯೂ ಬೂದಿಯೂ ಹಾಕಿ ನಾನು ಅದನ್ನು ಚೆನ್ನಾಗಿ ಉಜ್ಜಿದೆ. ಕಣಿಗೆ ಇಡುವ ಕಂಚಿನ ಉರುಳಿಗಿಂತ ಹೆಚ್ಚು ಹೊಳೆಯಿತು. ಆಗ ನಡುವಿನ ವೃತ್ತದಲ್ಲಿ ಸವೆದ ಇಂಗ್ಲಿಷ್ ಅಕ್ಷರಗಳು ಕಂಡವು: ದಿ ಬರ್ಮಾ ಸ್ಟಾರ್.

ಅದು ಅಮ್ಮನ ಸೋದರಮಾವನದ್ದು, ನಮಗೆ ಅಜ್ಜ. ದೊಡ್ಡಮ್ಮನನ್ನು ಕೇಳಿದರೆ, "ಮಾವ ಬರ್ಮಕ್ಕೆ ಹೋದವರು. ಎರಡು ವರ್ಷ ಕಾಗದವೇ ಇರಲಿಲ್ಲ. ಜಪಾನಿನವರ ವಿರುದ್ಧ ಕೋವಿ ಹಿಡಿದು ಹೋರಾಡಿದ್ದಂತೆ" ಎಂದರು. ಹುಡುಕಿ ಮುಗಿಯುವಾಗ ಕೋವಿಯ ಕಥೆ ಲಾರಿಯ ಕಥೆಯಾಗಿತ್ತು. ನಡುವೆ ಮಾಡಿದ ತಪ್ಪುಗಳಲ್ಲಿ ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಹೆಚ್ಚಿನ ಮಾತು ಎರಡನೇ ಮಹಾಯುದ್ಧದ ಬಗ್ಗೆ, ಏಕೆಂದರೆ ನಮ್ಮ ಕಡೆಯ ಹೆಚ್ಚಿನ ಮನೆಗಳ "ಮಿಲಿಟರಿ ಅಜ್ಜ" ಆ ಕಾಲದವರು. ಅವಿಭಜಿತ ಭಾರತದಿಂದ ಸುಮಾರು 25 ಲಕ್ಷ ಮಂದಿ ಆಗ ಸೇನೆಗೆ ಸೇರಿದ್ದರು. 87 ಸಾವಿರಕ್ಕೂ ಹೆಚ್ಚು ಮಂದಿ ತಿರುಗಿ ಬರಲಿಲ್ಲ.

ಮೊದಲ ಹೆಜ್ಜೆ: ಹೆಂಡತಿ ಮನೆಯ ಅಟ್ಟ ನೋಡಿ

ಎಲ್ಲರೂ ಮೊದಲು ಗಣಕದ ಮುಂದೆ ಕೂರುತ್ತಾರೆ. ಬೇಡ. ಮೊದಲು ಬೇಕಾದದ್ದು ಒಂದು ಸಂಖ್ಯೆ. ಸೈನಿಕನ ನಂಬರು ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು, ಸಿಗದಿದ್ದರೆ ಮುಂದಿನದ್ದೆಲ್ಲ ಕತ್ತಲಲ್ಲಿ ತಡಕಾಟ. ಅದು ಮನೆಯ ಕಾಗದದಲ್ಲೇ ಇರುವ ಸಾಧ್ಯತೆ ಹೆಚ್ಚು.

ಆದರೆ ಯಾರ ಮನೆ? ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನ, ಮರುಮಕ್ಕತ್ತಾಯದ ಕುಟುಂಬಗಳವರು ಇಲ್ಲಿ ಎಡವುತ್ತಾರೆ, ನಾನೂ ಎಡವಿದೆ. ಅಜ್ಜ ಹುಟ್ಟಿದ್ದು ತರವಾಡಿನಲ್ಲಿ, ಮೆಡಲ್ ಬಂದದ್ದು ತರವಾಡಿಗೆ. ಕೊನೆಗಾಲದಲ್ಲಿ ಅವರಿದ್ದದ್ದು ಮಾತ್ರ ಹೆಂಡತಿ ಮನೆಯಲ್ಲಿ. ನಾನು ಒಂದು ವರ್ಷ ನಮ್ಮ ಅಟ್ಟ, ಪೆಟ್ಟಿಗೆ, ದೇವರ ಕೋಣೆಯ ಮಾಡನ್ನೆಲ್ಲ ಜಾಲಾಡಿದೆ. ಅವರ ಡಿಸ್ಚಾರ್ಜ್ ಸರ್ಟಿಫಿಕೇಟು ಹೊಳೆಯಾಚೆ ಅಜ್ಜಿಯ ಮನೆಯಲ್ಲಿ, ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ, ಜಾಗದ ಪಟ್ಟೆಗಳ ಅಡಿಯಲ್ಲಿ ಎಂಟು ಮಡಿಕೆಯಾಗಿ ಕೂತಿತ್ತು. ಮಡಿಕೆಯ ಗೆರೆಗಳಲ್ಲಿ ಗೆದ್ದಲು ಹಿಡಿದಿತ್ತು. ಊರಿನ ಹೆಸರಿನ ಅರ್ಧ ಹೋಗಿತ್ತು, ನಂಬರು ಮಾತ್ರ ಉಳಿದಿತ್ತು.

ಹಾಗಾಗಿ ಅಪ್ಪನ ಕಡೆ, ಅಮ್ಮನ ಕಡೆ, ಹೆಂಡತಿಯ ಕಡೆ, ಮೂರೂ ಕಡೆ ಕೇಳಿ. ಹುಡುಕಬೇಕಾದ ವಸ್ತುಗಳು ಹೀಗೆ: ಡಿಸ್ಚಾರ್ಜ್ ಸರ್ಟಿಫಿಕೇಟು ಅಥವಾ ಡಿಸ್ಚಾರ್ಜ್ ಬುಕ್ಕು, ಪೇ ಬುಕ್ಕು, ಪಿಂಚಣಿ ಇದ್ದಿದ್ದರೆ ಪಿಪಿಒ ಎನ್ನುವ ಆದೇಶದ ಪ್ರತಿ, ಮನಿಯಾರ್ಡರಿನ ಚೂರುಗಳು, ಸಮವಸ್ತ್ರದ ಫೋಟೋ, ಅಂಚೆ ಕಾಗದ. ಕಾಗದದಲ್ಲಿ ಊರಿನ ಹೆಸರು ಇರುವುದಿಲ್ಲ. ಸೆನ್ಸಾರಿನವರು ಬಿಡುತ್ತಿರಲಿಲ್ಲ. ಆದರೆ ಎಫ್‌ಪಿಒ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುವ ದುಂಡು ಮುದ್ರೆ ಇರುತ್ತದೆ. ಅದು ಯುದ್ಧರಂಗದ ಅಂಚೆ ಕಚೇರಿಯ ಸಂಖ್ಯೆ. ಯಾವ ಸಂಖ್ಯೆಯ ಕಚೇರಿ ಯಾವ ತಿಂಗಳಲ್ಲಿ ಎಲ್ಲಿತ್ತು ಎಂಬುದನ್ನು ಅಂಚೆ ಮುದ್ರೆ ಸಂಗ್ರಹಿಸುವ ಹವ್ಯಾಸಿಗಳು ಪಟ್ಟಿ ಮಾಡಿದ್ದಾರೆ. ಲಕೋಟೆಯನ್ನು ಬಿಸಾಡಿ ಕಾಗದವನ್ನು ಮಾತ್ರ ಇಟ್ಟುಕೊಳ್ಳುವ ಮನೆಗಳು ಬಹಳ. ಇಲ್ಲಿ ಮಾತ್ರ ಕಾಗದಕ್ಕಿಂತ ಲಕೋಟೆಗೇ ಬೆಲೆ.

ಫೋಟೋ ಇದ್ದರೆ ಟೋಪಿಯ ಬ್ಯಾಡ್ಜು, ಹೆಗಲ ಪಟ್ಟಿಯ ಅಕ್ಷರ, ತೋಳಿನ ಪಟ್ಟಿ ಎಷ್ಟು ಎಂದು ಭೂತಗನ್ನಡಿಯಲ್ಲಿ ನೋಡಿ. ಒಂದು ಪಟ್ಟಿ ಲ್ಯಾನ್ಸ್ ನಾಯಕ್, ಎರಡು ನಾಯಕ್, ಮೂರು ಹವಾಲ್ದಾರ್. ಹಳೆ ಕಾಗದದಲ್ಲಿ ಜಮಾದಾರ್ ಎಂದಿದ್ದರೆ ಗುಡಿಸುವ ಕೆಲಸದವರೆಂದು ತಪ್ಪು ತಿಳಿಯಬೇಡಿ. ಈಗಿನ ನಾಯಬ್ ಸುಬೇದಾರ್ ಹುದ್ದೆಗೆ ಆಗ ಅದೇ ಹೆಸರು.

ಹಿರಿಯರ ಬಾಯಿಮಾತನ್ನೂ ಬರೆದಿಟ್ಟುಕೊಳ್ಳಿ, ಆದರೆ ಇಸವಿ ಕೇಳಬೇಡಿ. "ಅವರು ಹೋಗುವಾಗ ನಿಮಗೆ ಶಾಲೆ ಶುರುವಾಗಿತ್ತಾ?", "ಬರುವಾಗ ಅಕ್ಕಿಗೆ ರೇಶನ್ ಇತ್ತಾ?" ಎಂದು ಕೇಳಿ. ದೊಡ್ಡಮ್ಮನಿಗೆ ಇಸವಿ ಒಂದೂ ನೆನಪಿರಲಿಲ್ಲ. ಮಾವ ಹೊರಟ ದಿನ ಕುಂಬಳೆ ಸ್ಟೇಶನ್ನಿಗೆ ಬುತ್ತಿ ಕೊಂಡುಹೋದದ್ದು, ಮಂಗಳೂರು ಕಡೆಯಿಂದ ಬಂದ ರೈಲು ಹತ್ತಿದ್ದು, ಅದರಲ್ಲಿ ಇನ್ನೂ ಕೆಲವು ಹುಡುಗರು ಇದ್ದದ್ದು ಎಲ್ಲ ನೆನಪಿತ್ತು. ಮಂಗಳೂರಿನಿಂದ ಬಂದ ರೈಲು ಎಂಬ ಆ ಒಂದು ಮಾತಿನಿಂದ, ಭರ್ತಿ ಎಲ್ಲಾಗಿರಬಹುದು ಎಂಬುದು ಹೊಳೆಯಿತು.

ಮೆಡಲ್ ಓದುವುದು

ಎರಡನೇ ಮಹಾಯುದ್ಧದ ನಕ್ಷತ್ರಗಳೆಲ್ಲ ಒಂದೇ ಆಕಾರ. ಆರು ಮೂಲೆ, ನಡುವೆ ಆರನೇ ಜಾರ್ಜ್ ದೊರೆಯ ಅಂಕಿತ, ಸುತ್ತ ಹೆಸರು. ಹೆಸರಿನಿಂದಲೇ ಯುದ್ಧರಂಗ ಗೊತ್ತಾಗುತ್ತದೆ. ಬರ್ಮಾ ಸ್ಟಾರ್ 11 ಡಿಸೆಂಬರ್ 1941ರಿಂದ 2 ಸೆಪ್ಟೆಂಬರ್ 1945ರ ಒಳಗಿನ ಸೇವೆಗೆ. ಆಫ್ರಿಕಾ ಸ್ಟಾರ್ 10 ಜೂನ್ 1940ರಿಂದ 12 ಮೇ 1943ರವರೆಗೆ. ಇಟಲಿ ಸ್ಟಾರ್ 11 ಜೂನ್ 1943ರಿಂದ 8 ಮೇ 1945ರವರೆಗೆ. ಮಲಯ, ಸಿಂಗಾಪುರದ ಕಡೆ ಇದ್ದವರಿಗೆ ಪೆಸಿಫಿಕ್ ಸ್ಟಾರ್. ನಕ್ಷತ್ರ ಕಳೆದು ರಿಬ್ಬನ್ ಮಾತ್ರ ಉಳಿದಿದ್ದರೂ ಸಾಕು: ಕಡುನೀಲಿಯ ನಡುವೆ ಅಗಲ ಕೆಂಪು, ಆಚೀಚಿನ ಎರಡೂ ನೀಲಿ ಪಟ್ಟಿಗಳ ಒಳಗೆ ಒಂದೊಂದು ಸಪೂರ ಕಿತ್ತಳೆ ಗೆರೆ ಇದ್ದರೆ ಅದು ಬರ್ಮಾ. ಮಾಸಲು ಮರಳಿನ ಬಣ್ಣದ ನಡುವೆ ಕೆಂಪು, ಆಚೀಚೆ ಸಪೂರ ನೀಲಿ ಗೆರೆ ಇದ್ದರೆ ಆಫ್ರಿಕಾ.

ದುಂಡಗಿನ ಬಿಳಿ ಮೆಡಲಿನ ಹಿಂದೆ ಸಿಂಹ ನಿಂತಿದ್ದರೆ ಅದು ವಾರ್ ಮೆಡಲ್. 28 ದಿನ ಸೇವೆ ಮಾಡಿದ ಎಲ್ಲರಿಗೂ ಸಿಕ್ಕಿದ್ದು. ಹಿಂದೆ ಭಾರತದ ನಕ್ಷೆ ಇದ್ದರೆ ಇಂಡಿಯಾ ಸರ್ವಿಸ್ ಮೆಡಲ್. ಅದು ಯುದ್ಧರಂಗದ ಹೊರಗೆ ಮೂರು ವರ್ಷ ದುಡಿದವರಿಗೆ. ನಿಮ್ಮ ಅಜ್ಜನಿಗೆ ನಕ್ಷತ್ರ ಯಾವುದೂ ಇಲ್ಲದೆ ಇವೆರಡೇ ಇದ್ದರೆ, ಅವರು ಬರ್ಮಾಕ್ಕೆ ಹೋಗಿರದೆ ಜಬಲ್ಪುರದಲ್ಲೋ ಆವಡಿಯಲ್ಲೋ ಇದ್ದಿರಬಹುದು. ಮನೆಯಲ್ಲಿ ಇದನ್ನು ಹೇಳುವಾಗ ಸ್ವಲ್ಪ ನಾಜೂಕು ಬೇಕು.

ಅಂಚಿನಲ್ಲಿ ನಂಬರು, ಹೆಸರು ಕೊರೆದಿದೆಯೇ ಎಂದು ಓರೆ ಬೆಳಕಿನಲ್ಲಿ ನೋಡಿ. ಉಜ್ಜುವ ಮೊದಲು! ನಾನು ಹುಣಸೆಹುಳಿ ಹಾಕಿ ಉಜ್ಜಿದ್ದರಲ್ಲಿ ಏನು ಹೋಯಿತೋ ದೇವರೇ ಬಲ್ಲ.

ಹೆಸರು: ಗುಮಾಸ್ತನ ಕಿವಿಗೆ ಬಿದ್ದಂತೆ

ಕಾಸರಗೋಡಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಂಡವನು ಮದ್ರಾಸಿನವನೋ ಪಂಜಾಬಿನವನೋ ಆಗಿರಬಹುದು. ಕುಂಞಿರಾಮ ಎಂಬ ಹೆಸರಿನ 'ಞ' ಅವನಿಗೆ ಕಷ್ಟ. ಕೆಲವರು ಎನ್-ಎಚ್ ಹಾಕಿದರು, ಕೆಲವರು ಎನ್-ಜೆ, ಕೆಲವರು ಎರಡು ಎನ್, ಮೊದಲಕ್ಷರವನ್ನೇ ಕೆ ಬದಲು ಸಿ ಮಾಡಿದವರೂ ಉಂಟು. ರೈ ಎಂಬುದು ಆರ್-ಎ-ಐ ಆಗಬಹುದು, ಆರ್-ವೈ-ಇ ಆಗಬಹುದು. ಶೆಟ್ಟಿ ಚೆಟ್ಟಿಯಾಗುತ್ತಾರೆ. ಭಟ್ಟರ ಎಚ್ ಬಿದ್ದುಹೋಗುತ್ತದೆ. ಬ್ಯಾರಿ, ಮಾಪಿಳ್ಳೆ ಮನೆಗಳ ಮೊಹಮ್ಮದ್, ಅಹ್ಮದ್, ಮಮ್ಮದ್, ಮೊಯ್ದುಗಳಿಗೆ ಲೆಕ್ಕವೇ ಇಲ್ಲ.

ಇನ್ನೊಂದು ತೊಡಕು ಮನೆತನದ್ದು. ನಮ್ಮ ಕಡೆ ಮನೆಯ ಹೆಸರು, ಬೀಡಿನ ಹೆಸರು, ಜಾತಿಯ ಹೆಸರು ಯಾವುದಾದರೂ ಕೊನೆಯ ಹೆಸರಾಗಿ ಸೇರಬಹುದು. ತಂದೆಯ ಹೆಸರು ಕೇಳಿದಾಗ ಹುಡುಗ ಮನೆಯ ಯಜಮಾನನಾದ ಸೋದರಮಾವನ ಹೆಸರು ಹೇಳಿರುವುದೂ ಉಂಟು. ಹತ್ತಿರದ ಸಂಬಂಧಿ ಎಂಬ ಕಾಲಮ್ಮಿನಲ್ಲಿ ಹೆಂಡತಿಯ ಬದಲು ತಾಯಿಯೋ ಅಕ್ಕನೋ ಇರಬಹುದು. ನಮ್ಮ ಅಜ್ಜನ ಸರ್ಟಿಫಿಕೇಟಿನಲ್ಲಿ ಮನೆತನದ ಹೆಸರೇ ಇರಲಿಲ್ಲ. ಹೆಸರಿನ ಮುಂದಿದ್ದದ್ದು ಒಂದೇ ಇನಿಶಿಯಲ್, ಅದೂ ತರವಾಡಿನದ್ದಲ್ಲ, ಊರಿನದ್ದು.

ಒಂದು ಹಾಳೆ ತೆಗೆದುಕೊಂಡು ಹೆಸರನ್ನು ಹತ್ತು ಬಗೆಯಲ್ಲಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಶಾಲೆಯ ಹೆಸರು, ತಾಯಿ, ಮಾವ, ತಂದೆ, ಮನೆ, ಊರು ಎಲ್ಲ ಅದರಲ್ಲಿರಲಿ. ಮುಂದೆ ಪ್ರತಿ ಕಚೇರಿಗೂ ಈ ಹಾಳೆ ಬೇಕು.

ಊರಿನ ಹೆಸರಿಗೂ ಇದೇ ಅವಸ್ಥೆ. ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಕಾಸರಗೋಡು ಸಿ-ಯಿಂದಲೂ ಶುರುವಾಗುತ್ತದೆ, ಕೆ-ಯಿಂದಲೂ. ಹೊಸದುರ್ಗ 'ಹೋಸ್‌ಡ್ರುಗ್' ಆಗಿದೆ. ಜಿಲ್ಲೆಯ ಹೆಸರು ಸೌತ್ ಕೆನರಾ ಅಥವಾ ಸೌತ್ ಕನಾರಾ. ಅದಕ್ಕೂ ಸಿ, ಕೆ ಎರಡೂ ಉಂಟು.

ಅಂದಿನ ಜಿಲ್ಲೆ ಯಾವುದು?

1942ರಲ್ಲಿ ಭರ್ತಿಯಾದ ಕಾಸರಗೋಡಿನವನನ್ನು ಕೇರಳದ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆಗ ಕೇರಳವೇ ಇರಲಿಲ್ಲ. ಮಂಜೇಶ್ವರದಿಂದ ನೀಲೇಶ್ವರದವರೆಗೆ ಎಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1 ನವೆಂಬರ್ 1956ಕ್ಕೆ ಕೇರಳಕ್ಕೆ ಹೋಯಿತು, ಮರುವರ್ಷ ಕಣ್ಣೂರು ಜಿಲ್ಲೆಯೊಳಗೆ ಬಂತು, 24 ಮೇ 1984ಕ್ಕೆ ಪ್ರತ್ಯೇಕ ಕಾಸರಗೋಡು ಜಿಲ್ಲೆಯಾಯಿತು. ಅಂದರೆ ಒಬ್ಬನೇ ಸೈನಿಕನ ಜೀವಮಾನದಲ್ಲಿ ಅವನ ಕಾಗದಗಳು ಮಂಗಳೂರು, ಕಣ್ಣೂರು, ಕಾಸರಗೋಡು ಮೂರೂ ಕಡೆ ಹುಟ್ಟಿರಬಹುದು.

ಇದರಿಂದ ಕೆಲಸ ಹೀಗೆ ಹಂಚಿಹೋಗುತ್ತದೆ. ಯುದ್ಧ ಮುಗಿಸಿ ಬಂದ ಕೂಡಲೇ ಸೈನಿಕರ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದರೆ ಅದು ಮಂಗಳೂರಿನ ಕಡೆ. 1957ರ ನಂತರದ್ದಾದರೆ ಕಣ್ಣೂರು ಕೇಳಿ. ಇತ್ತೀಚಿನ ದಶಕಗಳದ್ದು ಕಾಸರಗೋಡಿನ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ಕೇರಳ ಸರ್ಕಾರ ತಿಂಗಳ ಸಹಾಯಧನ ಕೊಡುತ್ತದೆ. ನಿಮ್ಮ ಅಜ್ಜಿ ಅದನ್ನು ಪಡೆದಿದ್ದರೆ ಆ ಅರ್ಜಿಯೊಂದಿಗೆ ಡಿಸ್ಚಾರ್ಜ್ ಕಾಗದದ ಪ್ರತಿ ಲಗತ್ತಾಗಿಯೇ ಇರುತ್ತದೆ. ಮನೆಯ ಮೂಲಪ್ರತಿ ಗೆದ್ದಲಿಗೆ ಹೋಗಿದ್ದರೂ ಸರ್ಕಾರಿ ಕಡತದ ಜೆರಾಕ್ಸು ಉಳಿದಿರಬಹುದು. ಹೆಚ್ಚಿನವರು ಕೇಳದೆ ಬಿಡುವ ಜಾಗ ಇದು.

ಜಾಗದ ಕಾಗದವನ್ನೂ ಬಿಡಬೇಡಿ. ಯುದ್ಧದಿಂದ ಬಂದವರು ಸರ್ಕಾರಿ ಜಾಗಕ್ಕೆ ದರ್ಖಾಸ್ತು ಹಾಕಿದ್ದರೆ ಅರ್ಜಿಯಲ್ಲಿ ನಂಬರೂ ಪಡೆಯ ಹೆಸರೂ ಬರೆದಿರುತ್ತಾರೆ. 1956ರ ಹಿಂದಿನ ನಮ್ಮ ಊರಿನ ಕಂದಾಯ ಕಾಗದ, ಆಧಾರ ಪತ್ರಗಳು ಕನ್ನಡದಲ್ಲೇ ಇವೆ, ಅದೂ ಶ್ಯಾನುಭೋಗರ ಮೋಡಿ ತಿರುಗಿಸಿದ ಕೈಬರಹದಲ್ಲಿ. ಓದಲು ಬರುವ ಹಿರಿಯರು ಊರಿಗೆ ಒಬ್ಬಿಬ್ಬರು ಇನ್ನೂ ಇದ್ದಾರೆ.

ಬೇರೆ ಗಡಿಯ ಕನ್ನಡಿಗರಿಗೂ ಇದೇ ಲೆಕ್ಕ. ಆದೋನಿ, ಆಲೂರು, ರಾಯದುರ್ಗದವರು 1953ರ ಅಕ್ಟೋಬರಿನವರೆಗೆ ಬಳ್ಳಾರಿ ಜಿಲ್ಲೆ ಎಂದು ಹುಡುಕಬೇಕು. ತಾಳವಾಡಿಯವರು ಕೊಯಮತ್ತೂರು, ಹೊಸೂರಿನವರು ಸೇಲಂ. ಅಕ್ಕಲಕೋಟೆ, ಜತ್ತ ಆಗ ಸಂಸ್ಥಾನಗಳು. ಅಲ್ಲಿಂದ ಮರಾಠಾ ಪಡೆಗೆ ಸೇರಿದವರಿದ್ದರೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವುದು ಬೆಳಗಾವಿಯಲ್ಲಿ.

ರೆಕಾರ್ಡ್ ಆಫೀಸು: ರಾಜ್ಯ ಬದಲಾದರೂ ಇದು ಬದಲಾಗಲಿಲ್ಲ

ಸಾಮಾನ್ಯ ಸಿಪಾಯಿಯ ಸೇವಾ ದಾಖಲೆ ದೆಹಲಿಯಲ್ಲೂ ಇಲ್ಲ, ಲಂಡನ್ನಿನಲ್ಲೂ ಇಲ್ಲ. ಅವನ ಪಡೆಯ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ. ಆದ್ದರಿಂದ ಪಡೆ ಯಾವುದೆಂದು ತಿಳಿಯುವುದೇ ಮುಖ್ಯ. ನಮ್ಮ ಮನೆಯಲ್ಲಿ ಎಲ್ಲರೂ "ಮದ್ರಾಸ್ ರೆಜಿಮೆಂಟು" ಎನ್ನುತ್ತಿದ್ದರು. ಮದ್ರಾಸ್ ಪ್ರಾಂತ್ಯದಿಂದ ಹೋದವರೆಲ್ಲ ಮದ್ರಾಸ್ ರೆಜಿಮೆಂಟಿನವರಲ್ಲ. ಆ ರೆಜಿಮೆಂಟು 1928ರಲ್ಲಿ ಮುಚ್ಚಿಹೋಗಿ 1941ರಲ್ಲಿ ಮತ್ತೆ ಕಟ್ಟಿದ್ದು. ದಕ್ಷಿಣದ ಹುಡುಗರಲ್ಲಿ ಬಹಳ ಮಂದಿ ಹೋದದ್ದು ಸ್ಯಾಪರ್ಸ್ (ಎಂಜಿನಿಯರ್ ಪಡೆ), ಸಪ್ಲೈ, ಪಯನಿಯರ್ (ರಸ್ತೆ, ಮಣ್ಣು ಕೆಲಸದ ಪಡೆ), ಸಿಗ್ನಲ್, ಆಸ್ಪತ್ರೆ, ವರ್ಕ್‌ಶಾಪುಗಳಂಥ ಪಡೆಗಳಿಗೆ. ಡ್ರೈವರು, ಗುಮಾಸ್ತ, ಅಡುಗೆಯವ, ಕಮ್ಮಾರ, ವೈರ್‌ಲೆಸ್ಸಿನವ ಇಲ್ಲದೆ ಯುದ್ಧ ನಡೆಯುವುದಿಲ್ಲವಲ್ಲ.

ಹಳೆ ಹೆಸರಿನಿಂದ ಇಂದಿನ ವಿಳಾಸಕ್ಕೆ ಹೀಗೆ ಬನ್ನಿ. ಮದ್ರಾಸ್ ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ಈಗ ಮದ್ರಾಸ್ ಎಂಜಿನಿಯರ್ ಗ್ರೂಪ್, ಬೆಂಗಳೂರು. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಈಗಿನ ಎಎಸ್‌ಸಿ, ಸಾಗಣೆ-ಸರಬರಾಜಿನ ಪಡೆ. ದಕ್ಷಿಣದ ರೆಕಾರ್ಡ್ಸ್ ಬೆಂಗಳೂರಿನಲ್ಲಿ. ಪಯನಿಯರ್ ಕೋರ್ ಕೂಡ ಬೆಂಗಳೂರು. ಮದ್ರಾಸ್ ರೆಜಿಮೆಂಟು ನೀಲಗಿರಿಯ ವೆಲ್ಲಿಂಗ್ಟನ್. ಸಿಗ್ನಲ್ಸ್ ಜಬಲ್ಪುರ. ಆರ್ಡ್‌ನೆನ್ಸ್ (ಶಸ್ತ್ರ-ಸಾಮಾನಿನ ಪಡೆ) ಮತ್ತು ಇಎಂಇ (ವರ್ಕ್‌ಶಾಪಿನ ಪಡೆ) ಸಿಕಂದರಾಬಾದ್. ಆರ್ಮಿ ಮೆಡಿಕಲ್ ಕೋರ್ ಲಖನೌ. ಫಿರಂಗಿ ಪಡೆ ನಾಸಿಕ್ ರೋಡ್. ಯುದ್ಧ ಮುಗಿದ ಮೇಲೆ ಮತ್ತೆ ಡಿಎಸ್‌ಸಿ ಎಂಬ ಕಾವಲು ಪಡೆಗೆ ಸೇರಿದವರು ನಮ್ಮ ಕಡೆ ಕಡಿಮೆಯಿಲ್ಲ. ಅದರ ರೆಕಾರ್ಡ್ಸ್ ಇರುವುದು ಕಣ್ಣೂರಿನಲ್ಲಿ. ಹಾಗಿದ್ದರೆ ಅಜ್ಜನಿಗೆ ಎರಡು ನಂಬರು, ಎರಡು ಕಡತ.

ನಂಬರಿನ ಮುಂದೆ ಅಕ್ಷರಗಳಿದ್ದರೆ ಅವನ್ನು ಬಿಟ್ಟು ಬರೆಯಬೇಡಿ. ನಾನು ಮೊದಲ ಸಲ ಅಂಕಿ ಮಾತ್ರ ಬರೆದು, ಮನೆಯವರ ಮಾತು ನಂಬಿ, ತಪ್ಪು ಪಡೆಯ ಕಚೇರಿಗೆ ಕಳಿಸಿದೆ. ನಾಲ್ಕು ತಿಂಗಳ ಮೇಲೆ "ನಮ್ಮಲ್ಲಿ ಪತ್ತೆಯಿಲ್ಲ" ಎಂಬ ಎರಡು ಸಾಲು ಬಂತು. ನ್ಯಾಯವೇ. ಆ ನಂಬರು ಅವರದ್ದಲ್ಲ. ಸರ್ಟಿಫಿಕೇಟಿನ ಮೇಲೆ ಅಕ್ಷರವೂ ಇತ್ತು, ಕೋರಿನ ಹೆಸರೂ ಇತ್ತು. ಮಡಿಕೆ ಬಿಡಿಸಿ ಓದುವ ತಾಳ್ಮೆ ನನಗೆ ಇರಲಿಲ್ಲ, ಅಷ್ಟೆ.

ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ, ಒಂದೇ ಪುಟ ಇರಲಿ. ಮೊದಲ ಸಾಲಲ್ಲಿ ನಂಬರು, ಹುದ್ದೆ, ಹೆಸರು, ಪಡೆ. ಎರಡನೆಯದರಲ್ಲಿ ಊರು, ಕಾಸರಗೋಡು ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ಈಗ ಕೇರಳದಲ್ಲಿದೆ ಎಂದೂ ಸೇರಿಸಿ. ಆಮೇಲೆ ಸೇರಿದ, ಬಿಟ್ಟ ಇಸವಿ. ನಿಮ್ಮ ಸಂಬಂಧ, ಅದಕ್ಕೆ ಪುರಾವೆ. ತಹಶೀಲ್ದಾರರ ಕಾಗದ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅನುವಾದ ಜೊತೆಗಿಡಿ. ಯುದ್ಧದ ಕಥೆ, ಅಜ್ಜನ ಗುಣಗಾನ ಬೇಡ. ಗುಮಾಸ್ತನಿಗೆ ಅದರಿಂದ ಉಪಯೋಗವಿಲ್ಲ.

ಇನ್ನು ಕೇಳಬೇಕಾದದ್ದು ಏನು? ಇಲ್ಲಿ ಒಂದು ಶಬ್ದ ಗೊತ್ತಿರಬೇಕು. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ಕಾಗದಗಳನ್ನು 25 ವರ್ಷದ ಮೇಲೆ ನಾಶ ಮಾಡುವುದು ಸೇನೆಯ ನಿಯಮ. ಯುದ್ಧಕ್ಕೆಂದೇ ಸೇರಿ 1946ರಲ್ಲಿ ಮನೆಗೆ ಬಂದ ಸಿಪಾಯಿಗೆ ಪಿಂಚಣಿ ಇರಲಿಲ್ಲ. ಹಾಗಾಗಿ "ಸೇವಾ ದಾಖಲೆ ಕೊಡಿ" ಎಂದು ಕೇಳಿದರೆ "ನಾಶವಾಗಿದೆ" ಎಂಬ ಉತ್ತರ ಬರುತ್ತದೆ, ಹೆಚ್ಚಿನವರು ಅಲ್ಲಿಗೇ ಕೈ ಚೆಲ್ಲುತ್ತಾರೆ. ಆದರೆ ಲಾಂಗ್ ರೋಲ್ ಎಂಬ ಉದ್ದ ದಾಖಲೆ ಪುಸ್ತಕವನ್ನು ಶಾಶ್ವತವಾಗಿ ಇಡುತ್ತಾರೆ. ನಂಬರಿನ ಕ್ರಮದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು. "ಸೇವಾ ಕಾಗದ ನಾಶವಾಗಿದ್ದಲ್ಲಿ ಲಾಂಗ್ ರೋಲಿನ ನಮೂದಿನ ಪ್ರತಿ ಕೊಡಿ" ಎಂದು ಪತ್ರದಲ್ಲೇ ಬರೆಯಿರಿ. ನಮಗೆ ಬಂದದ್ದು ಆ ಒಂದು ಸಾಲು. ನಂಬರು, ಹೆಸರು, ಊರು, 1942ರ ಭರ್ತಿ, 1946ರ ಬಿಡುಗಡೆ, ಕಾರಣ. ಮತ್ತೆ ಡ್ರೈವರ್ ಎಂಬ ಪದ.

ಪತ್ರಕ್ಕೆ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಕೇಂದ್ರದ ಆರ್‌ಟಿಐ ಜಾಲತಾಣದಲ್ಲಿ 10 ರೂಪಾಯಿ ಕಟ್ಟಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ಬೇರೆ ಪ್ರಾಧಿಕಾರದ ವಿಷಯವಾದರೆ ಅರ್ಜಿಯನ್ನು ಐದು ದಿನದಲ್ಲಿ ಅಲ್ಲಿಗೆ ವರ್ಗಾಯಿಸಬೇಕು. "ಇದು ಖಾಸಗಿ ಮಾಹಿತಿ" ಎಂದು ನಿರಾಕರಿಸಿದರೆ ಕಾಯ್ದೆಯ 8(3)ನೇ ಕಲಮನ್ನು ಉಲ್ಲೇಖಿಸಿ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. 20 ವರ್ಷಕ್ಕಿಂತ ಹಿಂದಿನ ಘಟನೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ನಾನಾದರೆ ಮೊದಲು ವಿನಯದ ಪತ್ರವನ್ನೇ ಬರೆಯುತ್ತೇನೆ. ಹಳೆ ರೋಲ್ ತೆಗೆದು ಧೂಳು ಕೊಡವಿ ನೋಡುವವನೂ ಒಬ್ಬ ಸೈನಿಕನೇ. ಕಾಯ್ದೆಯ ಕೋಲು ಕಂಡರೆ ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಾನೆ.

ತಿರುಗಿ ಬಾರದವರನ್ನು ಹುಡುಕುವುದು

ಯುದ್ಧದಲ್ಲೇ ತೀರಿಕೊಂಡವರಾದರೆ ದಾರಿ ಸುಲಭ, ಹಾಗೆನ್ನಲು ಬೇಸರವಾದರೂ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಎರಡು ಮಹಾಯುದ್ಧಗಳ ಸುಮಾರು 17 ಲಕ್ಷ ಮೃತರ ಹೆಸರುಗಳಿವೆ. ಹುಡುಕಲು ದುಡ್ಡಿಲ್ಲ. ಎರಡನೇ ಯುದ್ಧಕ್ಕೆ ಅವರ ಲೆಕ್ಕ 3 ಸೆಪ್ಟೆಂಬರ್ 1939ರಿಂದ 31 ಡಿಸೆಂಬರ್ 1947ರವರೆಗೆ. ಯುದ್ಧ ಮುಗಿದು ಆಸ್ಪತ್ರೆಯಲ್ಲಿ ತೀರಿಕೊಂಡವರೂ ಇರಬಹುದು.

ಹೆಸರು ಹಾಕಿ ಹುಡುಕಿದರೆ ಹತ್ತಾರು ನಾರಾಯಣರು ಬರುತ್ತಾರೆ. ಭಾರತೀಯ ಸೇನೆ ಎಂದು ಆರಿಸಿ, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಜಿಲ್ಲೆಯ ಹೆಸರು ಹಾಕಿ. ಇಂಥವರ ಮಗ, ಇಂಥ ಊರು, ಸೌತ್ ಕನಾರಾ ಎಂದು ಅಲ್ಲಿ ಬರೆದಿರುವುದುಂಟು. ಸಿ, ಕೆ ಎರಡೂ ಅಕ್ಷರ ಹಾಕಿ ಹುಡುಕುವುದನ್ನು ಮರೆಯಬೇಡಿ. ನಾನು ನಮ್ಮ ಅಜ್ಜನಿಗಾಗಿ ಅಲ್ಲ, ಸುಮ್ಮನೆ ಒಂದು ಸಂಜೆ ಹಾಗೆ ಹುಡುಕುತ್ತಾ ಕೂತೆ. ನಾವು ದಿನಾ ಬಸ್ಸಿನಲ್ಲಿ ದಾಟಿಹೋಗುವ ಊರುಗಳ ಹೆಸರು ಸಾಲಾಗಿ ಕಂಡಾಗ ಮತ್ತೆ ಊಟ ಸೇರಲಿಲ್ಲ.

ಹಿಂದೂ, ಸಿಖ್ ಸೈನಿಕರನ್ನು ದಹನ ಮಾಡಿದ್ದರಿಂದ ಅವರಿಗೆ ಗೋರಿ ಇರುವುದಿಲ್ಲ, ಸ್ಮಾರಕದ ಮೇಲೆ ಹೆಸರು ಇರುತ್ತದೆ. ಬರ್ಮಾದಲ್ಲಿ ಮಡಿದವರದ್ದು ಯಾಂಗೂನಿನ ಹತ್ತಿರ ತೌಕ್ಯಾನ್ ಸ್ಮಶಾನದ ರಂಗೂನ್ ಸ್ಮಾರಕದಲ್ಲಿ. ಅಲ್ಲಿರುವುದು ಸುಮಾರು 27 ಸಾವಿರ ಹೆಸರು. ಮಲಯ, ಸಿಂಗಾಪುರದವರದ್ದು ಸಿಂಗಾಪುರದ ಕ್ರಾಂಜಿಯಲ್ಲಿ. ಇಂಫಾಲದಲ್ಲಿ ದಹನವಾದ 868 ಮಂದಿಗೆ ಅಲ್ಲೇ ಒಂದು ಸ್ಮಾರಕ ಉಂಟು. ಯುದ್ಧರಂಗದ ಹೊರಗೆ ತೀರಿಕೊಂಡ 25 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರು ದೆಹಲಿ, ಕರಾಚಿಯ ಸ್ಮಾರಕಗಳಿಗೆ ಸೇರಿದೆ. ದೆಹಲಿಯಲ್ಲಿ 2019ರ ಫೆಬ್ರವರಿಯಲ್ಲಿ ತೆರೆದ ರಾಷ್ಟ್ರೀಯ ಸಮರ ಸ್ಮಾರಕಕ್ಕೆ ಹೋಗಿ ಬರ್ಮಾದಲ್ಲಿ ಸತ್ತ ಅಜ್ಜನ ಹೆಸರು ಹುಡುಕಿ ಸಿಗದೆ ಬಂದವರಿದ್ದಾರೆ. ಅಲ್ಲಿ ಸ್ವಾತಂತ್ರ್ಯಾನಂತರದ ಹೆಸರುಗಳು ಮಾತ್ರ.

ಸಿಂಗಾಪುರದಲ್ಲಿದ್ದವರು

ಸಿಂಗಾಪುರ ಜಪಾನಿಯರ ಕೈಸೇರಿದ 15 ಫೆಬ್ರವರಿ 1942ರಂದು ಅಜ್ಜ ಅಲ್ಲಿದ್ದಿದ್ದರೆ ಅವರು ಜಪಾನಿಯರ ಸೆರೆಯಾಳಾಗಿರಬೇಕು. ಅಲ್ಲಿಂದ ಕಥೆ ಎರಡು ಕವಲಾಗುತ್ತದೆ. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದವರಲ್ಲಿ ಹಲವರನ್ನು ನ್ಯೂಗಿನಿ ಕಡೆಗೆ ಕೂಲಿಗೆ ಸಾಗಿಸಿದರು. ಈಗಿನ ಪಾಪುವಾ ನ್ಯೂಗಿನಿಯ ಲೇ ಸ್ಮಶಾನದಲ್ಲಿ ಭಾರತೀಯರ ಗೋರಿಗಳಿವೆ. ಫೌಜಿನ ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅದರ ಅಭಿಲೇಖ ಪಟಲ ಎಂಬ ಜಾಲತಾಣದಲ್ಲಿ ಮನೆಯಲ್ಲೇ ಕೂತು ಹುಡುಕಬಹುದು. ಯುದ್ಧದ ನಂತರ ಬ್ರಿಟಿಷರು ಇವರನ್ನು ತಮ್ಮ ಕಡೆಗಿನ ನಿಷ್ಠೆಯ ಲೆಕ್ಕದಲ್ಲಿ ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿದರು. ಮನೆಯಲ್ಲಿ "ಅವರಿಗೆ ಮೆಡಲೂ ಕೊಡಲಿಲ್ಲ, ಸಂಬಳವೂ ಕೊಡಲಿಲ್ಲ" ಎಂಬ ಮಾತಿದ್ದರೆ ಈ ದಿಕ್ಕಿನಲ್ಲಿ ನೋಡಿ. ಸ್ವಾತಂತ್ರ್ಯ ಯೋಧರ ಪಿಂಚಣಿಗೆ ಅರ್ಜಿ ಹಾಕಿದ್ದರೆ ಆ ಕಡತ ಇನ್ನೊಂದು ಆಧಾರ.

ಯುದ್ಧ ದಿನಚರಿ: ಹೆಸರಿಲ್ಲದ ಪುಟಗಳು

ಪಡೆ ಗೊತ್ತಾದ ಮೇಲೆ ಅದರೊಳಗಿನ ಕಂಪನಿ ಯಾವುದೆಂದು ಗೊತ್ತಾದರೆ ವಾರ್ ಡೈರಿ ಓದಬಹುದು. ಪ್ರತಿ ತುಕಡಿಯ ಅಧಿಕಾರಿ ದಿನದಿನಕ್ಕೆ ಬರೆದು ತಿಂಗಳಿಗೊಮ್ಮೆ ಕಳಿಸುತ್ತಿದ್ದ ವರದಿ ಅದು. ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸಿನಲ್ಲಿ ಡಬ್ಲ್ಯೂಒ 172 ಸರಣಿ ಬರ್ಮಾ ಮತ್ತು ಆಗ್ನೇಯ ಏಷ್ಯಾದ್ದು, 169 ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ್ದು, 170 ಇಟಲಿಯದ್ದು. ಯಾವ ಡೈರಿ ಇದೆಯೆಂದು ಅವರ ಸೂಚಿಯಲ್ಲಿ ಪುಕ್ಕಟೆ ನೋಡಬಹುದು. ಪ್ರತಿ ಬೇಕಾದರೆ ದುಡ್ಡು. ದುಡ್ಡು ಕೊಡುವ ಮೊದಲು ದೆಹಲಿಯ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವನ್ನೂ ಕೇಳಿ ನೋಡಿ. ಶೌರ್ಯ ಪದಕಕ್ಕೆ ಶಿಫಾರಸು ಆಗಿದ್ದರೆ ಡಬ್ಲ್ಯೂಒ 373. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ, ಮದ್ರಾಸ್ ಸ್ಯಾಪರ್ಸಿನ ಸುಬೇದಾರ್ ಸುಬ್ರಮಣಿಯನ್. 24 ಫೆಬ್ರವರಿ 1944ರಂದು ಇಟಲಿಯ ಮಿಗ್ನಾನೋ ಬಳಿ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದವರು.

ಡೈರಿಯಲ್ಲಿ ಅಜ್ಜನ ಹೆಸರು ಹುಡುಕಬೇಡಿ. ಸಿಪಾಯಿಯ ಹೆಸರು ಬರುವುದೇ ಅಪರೂಪ. ಅಲ್ಲಿರುವುದು ಮಳೆ, ಕೆಸರು, ಕೆಟ್ಟುನಿಂತ ಲಾರಿಗಳ ಲೆಕ್ಕ, ಮಲೇರಿಯಾ ಬಂದವರ ಲೆಕ್ಕ. ಆದರೆ ಒಂದು ನಕ್ಷೆ ಪಕ್ಕದಲ್ಲಿಟ್ಟುಕೊಂಡು ಓದಿದರೆ ಅವರ ದಿನ ಕಾಣುತ್ತದೆ. ಅಜ್ಜನ ಕಂಪನಿ ಇದ್ದದ್ದು ದಿಮಾಪುರ–ಇಂಫಾಲ ರಸ್ತೆಯಲ್ಲಿ. ದಿಮಾಪುರದ ರೈಲು ನಿಲ್ದಾಣಕ್ಕೆ ಆಗ ಮಣಿಪುರ ರೋಡ್ ಎಂದು ಹೆಸರು. ಅಲ್ಲಿಂದ 46ನೇ ಮೈಲಿಗೆ ಕೊಹಿಮಾ. 1944ರ ಮಾರ್ಚಿನ ಕೊನೆಗೆ ಜಪಾನಿಯರು ಈ ರಸ್ತೆಯನ್ನು ಕಡಿದರು. ಜೂನ್ 22ಕ್ಕೆ 109ನೇ ಮೈಲಿಕಲ್ಲಿನ ಹತ್ತಿರ ಎರಡೂ ಕಡೆಯ ಪಡೆಗಳು ಸೇರಿ ರಸ್ತೆ ತೆರೆಯಿತು. ಅಜ್ಜ ಮುದುಕರಾದ ಮೇಲೆ, ನಮ್ಮ ಗುಡ್ಡದ ರಸ್ತೆಯಲ್ಲಿ ಜೀಪು ಹೋಗುವಾಗೆಲ್ಲ "ನೂರ ಒಂಬತ್ತು, ನೂರ ಒಂಬತ್ತು" ಎಂದು ಗೊಣಗುತ್ತಿದ್ದರಂತೆ. ಮನೆಯವರು ಅದನ್ನು ಅರಳುಮರಳು ಎಂದುಕೊಂಡಿದ್ದರು.

ಉಳಿದವರಿಗೆ ಎರಡು ಮಾತು

ಮೊದಲ ಮಹಾಯುದ್ಧದವರನ್ನು ಹುಡುಕುವುದು ಬಹಳ ಕಷ್ಟ. ಕರ್ನಾಟಿಕ್ ಇನ್‌ಫೆಂಟ್ರಿ, ಪಯನಿಯರ್ ಎಂಬ ಹೆಸರಿನ ಆ ಕಾಲದ ದಳಗಳು 1933ರ ಒಳಗೆ ಮುಚ್ಚಿಹೋದವು. ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರನ್ನೇ ಕೆತ್ತಿರಲಿಲ್ಲ, ದಳವಾರು ಸಂಖ್ಯೆ ಮಾತ್ರ ಹಾಕಿದ್ದರು. 1962, 1965, 1971ರವರದ್ದು ಬಹುಮಟ್ಟಿಗೆ ಸುಲಭ: ಮೆಡಲಿನ ಅಂಚಿನಲ್ಲಿ ನಂಬರು ಇರುತ್ತದೆ, ಪಿಂಚಣಿ ಕಡತ ಇರುತ್ತದೆ, ಜೊತೆಗಿದ್ದವರು ಇನ್ನೂ ಊರಿನಲ್ಲಿದ್ದಾರೆ. ಅವರ ಹತ್ತಿರ ಹೋಗಿ ಕೂರಿ, ಈ ವರ್ಷವೇ. ಅಧಿಕಾರಿಯೋ ಸೇನೆಯ ಡಾಕ್ಟರೋ ಆಗಿದ್ದರೆ ಹಳೆಯ ಆರ್ಮಿ ಲಿಸ್ಟುಗಳಲ್ಲಿ, ಗೆಜೆಟ್ಟಿನಲ್ಲಿ ಹೆಸರು ಅಚ್ಚಾಗಿರುತ್ತದೆ.

ಸಿಕ್ಕಿದ ಹಳೆ ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಂಗಡಿಯವ ಎಷ್ಟು ಹೇಳಿದರೂ. ಬಿಸಿಗೆ ಶಾಯಿ ಹೋಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಮಡಿಕೆ ಮೆಲ್ಲ ಬಿಡಿಸಿ, ನೆರಳಿನಲ್ಲಿ ಎರಡೂ ಬದಿಯ ಫೋಟೋ ತೆಗೆದು, ಚಪ್ಪಟೆಯಾಗಿ ಹತ್ತಿಬಟ್ಟೆಯ ನಡುವೆ ಇಡಿ. ನಮ್ಮ ಮಳೆಗಾಲಕ್ಕೆ ತಗಡಿನ ಡಬ್ಬಿಯೇ ಪ್ಲಾಸ್ಟಿಕ್ಕಿಗಿಂತ ಒಳ್ಳೆಯದು.

ಲಾಂಗ್ ರೋಲಿನ ಆ ಸಾಲನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಡ್ರೈವರ್ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅದಕ್ಕೇ ಮಾವ ಬಸ್ಸಿನಲ್ಲಿ ಯಾವಾಗಲೂ ಡ್ರೈವರಿನ ಹಿಂದಿನ ಸೀಟಿಗೇ ಹೋಗುತ್ತಿದ್ದದ್ದು" ಎಂದರು. ನಕ್ಷತ್ರವನ್ನು ಗೊಂಚಲಿನಿಂದ ಬಿಚ್ಚಿದ್ದೇನೆ, ಅದರ ಜಾಗದಲ್ಲಿ ಈಗ ಒಂದು ತೆಂಗಿನ ಗೆರಟೆಯ ಚೂರು ತೂಗುತ್ತಿದೆ. ಸರ್ಟಿಫಿಕೇಟಿನ ಒಂದು ಪ್ರತಿಯನ್ನೂ ರೆಕಾರ್ಡ್ ಆಫೀಸಿನ ಪತ್ರದ ಒಂದು ಪ್ರತಿಯನ್ನೂ ಇಟ್ಟುಕೊಂಡು, ಡಬ್ಬಿಯನ್ನು ಹೊಳೆಯಾಚೆಯ ಅಜ್ಜಿಯ ಮನೆಗೆ ಕೊಟ್ಟು ಬಂದೆ. ಕಾಗದ ಅವರದ್ದೇ ತಾನೆ.